‘ಮಾಡಿಸಿಬಿಡು’ ಎನ್ನುವವರಿಗೆ

ಪ್ರಶ್ನೆ ಇದು: ‘ಒಂದು ಆಪರೇಷನ್ ಮಾಡಿಸಿಬಿಡಬಾರದೇ? ನೋವೂ ಹೋಗುತ್ತದೆ, ಮಗುವೂ ಆಗುತ್ತದೆ.’

ಕೇಳುವವರು ಬದಲಾಗುತ್ತಾರೆ, ವಾಕ್ಯ ಮಾತ್ರ ಬದಲಾಗುವುದಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ತರಕಾರಿ ಅಂಗಡಿಯ ಮುಂದೆ ಕೇಳಿದ್ದಾರೆ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ತೊಡೆಯ ಮೇಲಿದ್ದ ಸ್ಕ್ಯಾನಿಂಗ್ ಕವರನ್ನು ಓದಿಕೊಂಡು, ಹೆಸರೂ ಕೇಳದೆ ಇದನ್ನೇ ಕೇಳಿದರು. ನಾಲ್ಕು ವರ್ಷ ಬಾಯಲ್ಲಿ ಉತ್ತರ ಹೇಳಿದೆ. ಮೊದಲ ವರ್ಷ ವಿವರವಾಗಿ, ಎರಡನೆಯ ವರ್ಷ ಚುಟುಕಾಗಿ, ಆಮೇಲೆ ಬರೀ ನಕ್ಕು. ಇನ್ನು ನಗುವ ಶಕ್ತಿ ಇಲ್ಲ. ಬರೆದಿಡುತ್ತಿದ್ದೇನೆ. ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಬೆಳೆಯುತ್ತದೆ. ತಿಂಗಳ ಹಾರ್ಮೋನು ಕೂಗಿದಾಗ ಅದೂ ಓಗೊಡುತ್ತದೆ. ಒಳಗೆ ಉರಿಯೂತವಾಗುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನನ್ನ ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ನಾಲ್ಕೂವರೆ ಸೆಂಟಿಮೀಟರಿನ ಗಂಟೊಂದಿದೆ. ಒಳಗಿನ ದ್ರವದ ಬಣ್ಣ ನೋಡಿ ವೈದ್ಯರು ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಮಕ್ಕಳಿಗೆ ಕೊಡುವ ತಿಂಡಿಯ ಹೆಸರನ್ನು ಇದಕ್ಕೆ ಯಾಕಾದರೂ ಇಟ್ಟರೋ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ ಹೆಂಗಸರು, ಹುಡುಗಿಯರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಈ ಲೆಕ್ಕ ನೆನಪಾದಾಗಲೆಲ್ಲ ಹಾಜರಿ ಪುಸ್ತಕದ ಹೆಸರುಗಳ ಮೇಲೆ ಬೆರಳು ನಿಲ್ಲುತ್ತದೆ. ತಿಂಗಳಿಗೆ ಎರಡು ದಿನ ತಪ್ಪದೆ ರಜೆ ಹಾಕುವ ಹುಡುಗಿಯರು ಯಾರು ಎಂದು ನನಗೆ ಗೊತ್ತು. ನಾನೂ ಹಾಗೆಯೇ ಹಾಕುತ್ತಿದ್ದೆ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ದಿನ ಶಾಲೆಯ ಬೋರ್‌ವೆಲ್ ಪಕ್ಕ ವಾಂತಿ ಮಾಡಿಕೊಂಡು ಕುಳಿತಿದ್ದೆ. ಅಜ್ಜಿ ಮೆಂತ್ಯ ನುಂಗಿಸಿದರು, ಅಮ್ಮ ಎಲ್ಲರಿಗೂ ಆಗುವುದೇ ಎಂದರು, ವೈದ್ಯರೊಬ್ಬರು ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದರು. ಮದುವೆಯಾಯಿತು. ಆಗ ಇನ್ನೊಬ್ಬರು ಮಗುವಾದ ಮೇಲೆ ಸರಿಹೋಗುತ್ತದೆ ಎಂದರು. ನೋವಿಗೆ ಹೆಸರು ಸಿಕ್ಕಿದಾಗ ನನಗೆ ಇಪ್ಪತ್ತೊಂಬತ್ತು.

ಮಗುವಾದರೆ ಸರಿಹೋಗುತ್ತದೆ ಎನ್ನುವವರಿಗೆ ಇಲ್ಲೇ ಹೇಳುತ್ತೇನೆ: ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ ‘ಎಶ್ರೆ’ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಈ ಕಾಯಿಲೆಗೆ ಮದ್ದೆಂದು ಬಸಿರಾಗಲು ಯಾರಿಗೂ ಸಲಹೆ ಕೊಡಬಾರದು ಎಂದು ವೈದ್ಯರಿಗೇ ಹೇಳುತ್ತದೆ. ಬಸಿರಿನಲ್ಲಿ ಕೆಲವರಿಗೆ ನೋವು ತಗ್ಗುವುದುಂಟು, ಆಮೇಲೆ ಮರಳಿ ಬರುವುದೂ ಉಂಟು. ಅಲ್ಲದೆ, ನನಗೆ ಮಗು ಬೇಕಿರುವುದು ಮಗು ಬೇಕು ಎಂದು. ಮಾತ್ರೆಯ ಬದಲಿಗೆ ಅಲ್ಲ.

ಈಗ ಅರಸೀಕೆರೆಯ ಮದುವೆಗೆ ಬರುತ್ತೇನೆ. ಈ ಬರಹ ಶುರುವಾದದ್ದೇ ಅಲ್ಲಿ.

ಎರಡನೆಯ ಪಂಕ್ತಿ. ನನ್ನ ಯಜಮಾನರ ಸೋದರತ್ತೆ ನನ್ನಿಂದ ಮೂರು ಎಲೆಗಳಾಚೆ ಕುಳಿತಿದ್ದರು. ಕೋಸಂಬರಿ, ಪಲ್ಯ ಬಂದಾಗಿತ್ತು. ಒಬ್ಬಟ್ಟಿನ ತಟ್ಟೆ ಹಿಡಿದ ಹುಡುಗ ನನ್ನ ಎಲೆಯ ಮುಂದೆ ಬಗ್ಗಿದ. ಅದೇ ಹೊತ್ತಿಗೆ ಅತ್ತೆ ಮುಂದಕ್ಕೆ ಬಾಗಿ, ಮೂರು ಜನರ ತಲೆ ದಾಟಿಸಿ ಕೇಳಿದರು: ‘ಅಲ್ಲ ಕಣಮ್ಮ, ಆ ಗಂಟು ಎಡಕ್ಕಿದೆಯೋ ಬಲಕ್ಕಿದೆಯೋ?’ ಇಡೀ ಸಾಲು ಊಟ ನಿಲ್ಲಿಸಿತು. ‘ಎಡಕ್ಕೆ’ ಎಂದೆ. ಹುಡುಗ ನನ್ನ ಮಾತನ್ನು ತನಗೇ ಹೇಳಿದ್ದೆಂದು ತಿಳಿದು, ಒಬ್ಬಟ್ಟನ್ನು ಎಲೆಯ ಎಡತುದಿಯಲ್ಲಿ ಉಪ್ಪಿನಕಾಯಿಗೆ ತಾಗಿಸಿ ಇಟ್ಟು ಮುಂದೆ ಹೋದ. ಅತ್ತೆ ಬಿಡಲಿಲ್ಲ. ‘ಎಡಕ್ಕೆ ತಾನೇ? ಬಲಗಡೆಯದು ಇದೆಯಲ್ಲ. ತೆಗೆಸಿಬಿಡು. ಆಪರೇಷನ್ ಮಾಡಿಸಿಬಿಡು, ಒಂದು ಹೆತ್ತುಬಿಡು.’ ಅವರ ಪಕ್ಕದವರು, ಅವರನ್ನು ನಾನು ಅಂದೇ ಮೊದಲು ನೋಡಿದ್ದು, ‘ಇಲ್ಲದಿದ್ದರೆ ದತ್ತು ತೆಗೆದುಕೊಂಡುಬಿಡಲಿ’ ಎಂದರು. ನಾನು ಉಪ್ಪಿನಕಾಯಿ ಹತ್ತಿದ ಒಬ್ಬಟ್ಟು ತಿಂದೆ. ಅದರ ರುಚಿ ಇನ್ನೂ ನೆನಪಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಎಲ್ಲರೆದುರು ಕೇಳಿದ್ದಕ್ಕಲ್ಲ, ನಮ್ಮವರು ಎಲ್ಲವನ್ನೂ ಎಲ್ಲರೆದುರೇ ಕೇಳುತ್ತಾರೆ. ಚುಚ್ಚಿದ್ದು ಆ ‘ಬಿಡು’. ಮಕ್ಕಳಿಗೆ ಈ ಕ್ರಿಯಾಪದವನ್ನು ವರ್ಷವರ್ಷವೂ ನಾನೇ ಪಾಠ ಮಾಡುತ್ತೇನೆ. ಬಂದುಬಿಡು, ತಿಂದುಬಿಡು, ಮರೆತುಬಿಡು. ಮುಖ್ಯ ಕ್ರಿಯಾಪದದ ಬೆನ್ನಿಗೆ ನಿಂತು, ಕೆಲಸ ಮುಗಿಯಿತು, ಇನ್ನು ಕೈ ತೊಳೆದುಕೊಳ್ಳಬಹುದು ಎನ್ನುವ ಪದ ಅದು. ಸ್ವಂತ ಕೆಲಸಕ್ಕೆ ಹೇಳಿಕೊಂಡರೆ ಧೈರ್ಯ ಕೊಡುತ್ತದೆ. ಇನ್ನೊಬ್ಬಳ ಒಡಲಿಗೆ ಹೇಳಿದರೆ, ಅವಳು ತಿಂಗಳುಗಟ್ಟಲೆ ತೂಗುತ್ತಿರುವುದನ್ನು ಒಂದೇ ಉಸಿರಿಗೆ ಊದಿ ಹಾರಿಸುತ್ತದೆ.

ಅದರಿಂದ ಆಗುವ ಕೇಡು ಮಾತಿಗೇ ನಿಲ್ಲುವುದಿಲ್ಲ. ಕಲಬುರಗಿಯಲ್ಲಿ, ಹಾವೇರಿ ಜಿಲ್ಲೆಯಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಸುದ್ದಿ ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಯಾರೋ ‘ತೆಗೆಸಿಬಿಡು’ ಎಂದಿದ್ದರು. ನನ್ನ ಕಾಯಿಲೆಗೂ ಅದೇ ಮದ್ದು ಹೇಳುವವರಿದ್ದಾರೆ. ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಬರೀ ಗರ್ಭಕೋಶ ತೆಗೆದರೆ ಅದು ಹೊರಟುಹೋಗುತ್ತದೆಂದು ಯಾವ ಭರವಸೆಯೂ ಇಲ್ಲ, ಮಗುವಿನ ಆಸೆ ಮಾತ್ರ ಖಂಡಿತ ಹೋಗುತ್ತದೆ.

ಹಾಗಾದರೆ ನನ್ನ ಮುಂದೆ ಏನಿದೆ? ಒಂದು, ಹಾರ್ಮೋನ್ ಮಾತ್ರೆ. ಡೈನೋಜೆಸ್ಟ್ ಎಂಬುದನ್ನು ದಿನಕ್ಕೆ 2 ಮಿಲಿಗ್ರಾಂನಂತೆ ಹದಿನಾಲ್ಕು ತಿಂಗಳು ನುಂಗಿದೆ. ಮುಟ್ಟು ನಿಂತಿತು, ನೋವು ನಿಂತಿತು. ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ತಿಂಗಳ ಮೂವತ್ತು ದಿನವೂ ನನ್ನದಾಗಿತ್ತು. ಶ್ರವಣಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿಯನ್ನು ಎಲ್ಲೂ ಕೂರದೆ ಹತ್ತಿದೆ. ಆದರೆ ಆ ಮಾತ್ರೆ ನೋವಿನ ಜೊತೆ ಅಂಡಾಣು ಬಿಡುಗಡೆಯನ್ನೂ ಅಡಗಿಸುತ್ತದೆ. ಅದನ್ನು ನುಂಗುತ್ತ ಬಸಿರಿಗೆ ಕಾಯುವಂತಿಲ್ಲ. ಋತುಬಂಧದಂತಹ ಸ್ಥಿತಿ ತರುವ ಚುಚ್ಚುಮದ್ದೂ ಹಾಗೆಯೇ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವೂ ಹಾಗೆಯೇ. ಸ್ವಲ್ಪ ದಿನ ಮಾತ್ರೆ ತಿಂದು ಹೊಟ್ಟೆ ‘ಶುದ್ಧ’ ಮಾಡಿಕೊಂಡು ಆಮೇಲೆ ಪ್ರಯತ್ನಿಸು ಎನ್ನುತ್ತಾರೆ. ಹಾಗೆ ಮಾಡಿದರೆ ಬಸಿರು ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ, ಆದ್ದರಿಂದ ಆ ಉದ್ದೇಶಕ್ಕೆ ಬರೆದುಕೊಡಬೇಡಿ ಎಂದು ಅದೇ ಎಶ್ರೆ ಮಾರ್ಗಸೂಚಿ ಹೇಳುತ್ತದೆ. ನೋವು ಮುಚ್ಚುವ ಬಾಗಿಲೂ ಮಗು ಬರುವ ಬಾಗಿಲೂ ಒಂದೇ ಆಗಿರುವ ಮನೆ ಇದು.

ಎರಡನೆಯದು ಅತ್ತೆ ಹೇಳುವ ಆಪರೇಷನ್. ನಾನು ಅದರ ವಿರೋಧಿಯಲ್ಲ. ಕೆನಡಾದಲ್ಲಿ 341 ಹೆಂಗಸರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಾಯಿಲೆ ಸೌಮ್ಯವಾಗಿದ್ದು ಮಕ್ಕಳಾಗದಿದ್ದವರಿಗೆ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ನಿನಲ್ಲಿ, ಅಂಗಗಳ ಮೇಲೆ ಬೆಳೆದ ಆ ಅಂಗಾಂಶದ ಕಲೆಗಳನ್ನು ತೆಗೆದಾಗ, 36 ವಾರಗಳಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಬಸಿರು ನಿಂತು ಮುಂದುವರಿಯಿತು. ಬರೀ ನೋಡಿ ಹೊಲಿಗೆ ಹಾಕಿದವರಲ್ಲಿ ಸುಮಾರು 18 ಮಂದಿಗೆ. ದೊಡ್ಡ ವ್ಯತ್ಯಾಸವೇ. ಆದರೆ ನನ್ನದು ಮೇಲ್ಮೈಯ ಕಲೆಯಲ್ಲ, ಅಂಡಾಶಯದ ಒಳಗಿನ ಗಂಟು. ಬೇಯಿಸಿದ ಆಲೂಗಡ್ಡೆಯನ್ನು ಬಿಸಿಯಿರುವಾಗಲೇ ಅವಸರದಿಂದ ಸುಲಿದವರಿಗೆ ಗೊತ್ತು, ಸಿಪ್ಪೆಯ ಜೊತೆ ತಿರುಳೂ ಕಿತ್ತುಬರುತ್ತದೆ. ಗಂಟಿನ ಗೋಡೆಯನ್ನು ಎಷ್ಟೇ ನಾಜೂಕಾಗಿ ಸುಲಿದರೂ ಅಂಡಾಣುಗಳಿರುವ ಒಳ್ಳೆಯ ಅಂಗಾಂಶ ಒಂದಿಷ್ಟು ಅದರ ಜೊತೆ ಹೋಗುವುದುಂಟು. ಅಂಡಾಣುಗಳ ಸಂಗ್ರಹವನ್ನು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆಯಲ್ಲಿ ನನ್ನ ಅಂಕಿ 1.6. ಕಳೆದುಕೊಳ್ಳಲು ನನ್ನ ಬಳಿ ಹೆಚ್ಚಿಲ್ಲ. ಸುಲಿಯದೆ ಬರೀ ದ್ರವ ಹೀರಿ ತೆಗೆದರೆ ಗಂಟು ಮತ್ತೆ ತುಂಬಿಕೊಳ್ಳುವುದು ಹೆಚ್ಚು.

ಮೂರನೆಯದು ಐವಿಎಫ್, ಅಂಡಾಣುವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ. ಪೂರ್ತಿ ಒಂದು ಸುತ್ತಿಗೆ ನಮಗೆ ಹೇಳಿದ ಮೊತ್ತ ಎರಡು ಲಕ್ಷ, ಅಂದರೆ ನನ್ನ ಏಳು ತಿಂಗಳ ಸಂಬಳ. ಅದು ಮಗುವಿನ ದಾರಿಯೇ ಹೊರತು ನೋವಿನ ಮದ್ದಲ್ಲ.

ಬೆಂಗಳೂರಿನಲ್ಲಿ ಒಂದೇ ದಿನ ಇಬ್ಬರನ್ನು ಕಂಡೆವು. ಬೆಳಿಗ್ಗೆ ಕಂಡ ಶಸ್ತ್ರಚಿಕಿತ್ಸಕರು, ಗಂಟು ತೆಗೆದರೆ ನೋವು ತಗ್ಗುತ್ತದೆ, ಸಹಜವಾಗಿಯೇ ಬಸಿರಾಗುವ ಸಾಧ್ಯತೆಯೂ ಹೆಚ್ಚಬಹುದು ಎಂದರು. ಮಧ್ಯಾಹ್ನ ಕಂಡ ಸಂತಾನ ತಜ್ಞೆ, ಅಂಡಾಣು ತೆಗೆದಿಡುವ ಮೊದಲು ಆ ಅಂಡಾಶಯಕ್ಕೆ ಕತ್ತರಿ ತಾಗಿಸಬೇಡಿ ಎಂದರು. ಇಬ್ಬರೂ ಬಲ್ಲವರು, ಇಬ್ಬರೂ ಹೇಳಿದ್ದು ನಿಜ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗ ನನ್ನವರು ಎರಡೂ ಚೀಟಿಗಳನ್ನು ಅಂಗಿಯ ಜೇಬಿನಿಂದ ತೆಗೆದು ನೋಡಿದರು, ಮಡಿಸಿಟ್ಟರು, ಮತ್ತೆ ತೆಗೆದು ನೋಡಿದರು. ‘ಮಾಡಿಸಿಬಿಡು’ ಎನ್ನುವವರು ಆ ಪ್ಲಾಟ್‌ಫಾರಂನಲ್ಲಿ ನಮ್ಮ ಜೊತೆ ಅರ್ಧ ಗಂಟೆ ನಿಲ್ಲಬೇಕಿತ್ತು.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ಹಾಸನದಲ್ಲಿ, ಅರವತ್ತು ದಾಟಿದ ವೈದ್ಯೆ. ಸ್ಕ್ಯಾನಿಂಗ್ ಕವರನ್ನು ಮೇಜಿನ ಅಂಚಿಗೆ ಸರಿಸಿ ಕೇಳಿದರು: ‘ಮಾತ್ರೆ ಬಿಟ್ಟರೆ ನೋವು ಮರಳುತ್ತದೆ. ಎಷ್ಟು ತಿಂಗಳು ತಾಳಬಲ್ಲೆಯಮ್ಮ?’ ನನಗೆ ಮಾತು ಹೊರಡಲಿಲ್ಲ. ಅವರು ನನ್ನವರ ಕಡೆ ತಿರುಗಿದರು. ‘ಇವಳಿಗೆ ನೋವಿರುವ ರಾತ್ರಿ ನೀವು ಏನು ಮಾಡುತ್ತೀರಿ?’

‘ಬಿಸಿನೀರಿನ ಬ್ಯಾಗ್ ತುಂಬಿ ಕೊಡುತ್ತೇನೆ.’

‘ಎಷ್ಟು ಸಲ?’

‘ಮೂರು ಸಲ. ಒಮ್ಮೊಮ್ಮೆ ನಾಲ್ಕು.’

ಅದನ್ನು ಅವರು ಚೀಟಿಯ ಮೇಲೆ ಬರೆದುಕೊಂಡರು. ನನ್ನ ಗಂಡನ ಲೆಕ್ಕವೂ ವೈದ್ಯರ ಚೀಟಿಗೆ ಏರಿದ್ದು ಅದೇ ಮೊದಲು. ಅವರ ವೀರ್ಯ ಪರೀಕ್ಷೆ ಆಗಿದೆಯೇ ಎಂದು ನಮ್ಮ ಬಳಗದ ಒಬ್ಬರೂ ಈವರೆಗೆ ಕೇಳಿಲ್ಲ. ಆಗಿದೆ, ಸರಿಯಾಗಿದೆ. ನನ್ನ ಎರಡೂ ಅಂಡನಾಳಗಳು ತೆರೆದಿವೆ.

ಆಮೇಲೆ ಮೂವರೂ ಕುಳಿತು ಲೆಕ್ಕ ಹಾಕಿದೆವು. ಮಾತ್ರೆ ನಿಲ್ಲಿಸಿ ಒಂಬತ್ತು ತಿಂಗಳು ಸಹಜ ಪ್ರಯತ್ನ. ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್. ಮುಟ್ಟಿನ ದಿನಗಳಲ್ಲಿ ನೋವಿನ ಮಾತ್ರೆ, ತಿಂಗಳ ನಡುವೆ ಬೇಡ, ಅಂತಹ ಮಾತ್ರೆಗಳು ಅಂಡಾಣು ಬಿಡುಗಡೆಗೆ ಅಡ್ಡ ಬರಬಹುದು. ಗಂಟು ಬೆಳೆದರೆ ಅಥವಾ ನೋವು ಕೈಮೀರಿದರೆ ಆಪರೇಷನ್ನಿನ ಮಾತು, ಅದಕ್ಕೂ ಮೊದಲು ಅಂಡಾಣು ತೆಗೆದಿಡುವ ಮಾತು. ಒಂಬತ್ತು ತಿಂಗಳು ಬರಿದೇ ಹೋದರೆ ಐವಿಎಫ್. ಇದು ನನ್ನ ವಯಸ್ಸು, ನನ್ನ ಗಂಟು, ನನ್ನ ರಕ್ತಪರೀಕ್ಷೆ, ನನ್ನ ಸಂಬಳ ನೋಡಿ ಮಾಡಿದ ಲೆಕ್ಕ. ಇಪ್ಪತ್ತಾರರ ಹುಡುಗಿಗೆ, ಕರುಳಿಗೆ ಅಂಟಿಕೊಂಡವಳಿಗೆ, ಮಗು ಬೇಡ ಎನ್ನುವವಳಿಗೆ ಲೆಕ್ಕ ಬೇರೆಯೇ ಆಗುತ್ತದೆ. ಯಾರೂ ಇದನ್ನು ನಕಲು ಮಾಡಬೇಡಿ.

ನನ್ನನ್ನು ಏನು ಕೇಳಬಹುದು ಎಂದು ನೀವು ಕೇಳಿದರೆ, ನಮ್ಮಲ್ಲಿ ಬಸುರಿಯರಿಗೆ ಮಾತ್ರ ಕೇಳುವ ಪ್ರಶ್ನೆಯೊಂದಿದೆ: ‘ಎಷ್ಟನೇ ತಿಂಗಳು?’ ಎಷ್ಟು ಮೃದುವಾಗಿ ಕೇಳುತ್ತೇವೆ ಅದನ್ನು! ಕೇಳಿದವರೇ ಎದ್ದು ಸೀಟು ಬಿಟ್ಟುಕೊಡುತ್ತಾರೆ, ಚೀಲ ತೆಗೆದುಕೊಳ್ಳುತ್ತಾರೆ. ಮಗುವಿಗಾಗಿ ಒಡಲಿನಲ್ಲಿ ನೋವು ಹೊತ್ತು ನಾನೂ ತಿಂಗಳು ಎಣಿಸುತ್ತಿದ್ದೇನೆ, ನನ್ನದೂ ಒಂಬತ್ತರ ಲೆಕ್ಕವೇ. ಆ ಪ್ರಶ್ನೆ ನನಗೂ ಬೇಕು. ಅತ್ತೆ ಪಂಕ್ತಿಯಲ್ಲಿ ಮೂರು ತಲೆ ದಾಟಿಸಿ ಅದನ್ನು ಕೇಳಿದ್ದರೂ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆ.

ಐದನೇ ತಿಂಗಳು ಅತ್ತೆ. ಇವತ್ತು ಮುಟ್ಟಿನ ಎರಡನೇ ದಿನ. ಮಂಚದ ಮೇಲೆ ಮಗ್ಗುಲಾಗಿ ಮಲಗಿ ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಬ್ಯಾಗ್ ತಣ್ಣಗಾಗಿದೆ. ಅಡುಗೆಮನೆಯಲ್ಲಿ ಇವರು ಎರಡನೆಯ ಸಲ ನೀರು ಕಾಯಿಸುತ್ತಿದ್ದಾರೆ.