ತ್ರಿಶೂರ್ ಪೂರಂ ಬಾಣಬಿರುಸು: ವಿಡಿಯೊ ಮಾಡಲು ಹೊರಡುವವರಿಗೆ

ಕೇರಳದ ದೇವಸ್ಥಾನ ಉತ್ಸವವಾದ ತ್ರಿಶೂರ್ ಪೂರಂ ಏಪ್ರಿಲ್-ಮೇ ಹೊತ್ತಿಗೆ ಬರುತ್ತದೆ. ಮುಖ್ಯ ಬಾಣಬಿರುಸು ಪೂರಂನ ರಾತ್ರಿ ಕಳೆದು ಬೆಳಗಿನ ಜಾವ 3ರ ಸುಮಾರಿಗೆ, ವಡಕ್ಕುನಾಥನ್ ದೇವಸ್ಥಾನದ ಸುತ್ತಲಿನ ತೇಕ್ಕಿನ್‌ಕಾಡ್ ಮೈದಾನದಲ್ಲಿ. ಪೂರಂಗೆ ಒಂದೆರಡು ದಿನ ಮೊದಲು ಸಂಜೆ 'ಸ್ಯಾಂಪಲ್', ಅಂದರೆ ಮಾದರಿ ಬಾಣಬಿರುಸು ಇರುತ್ತದೆ. ಬೆಂಗಳೂರಿನಿಂದ ಹೋಗುವವರು ರಜೆಯನ್ನು ಆ ಸ್ಯಾಂಪಲ್‌ಗೂ ಸೇರಿಸಿಯೇ ಹಾಕಿ; ಸೆಟ್ಟಿಂಗ್ ಸರಿಮಾಡಿಕೊಳ್ಳಲು ಸಿಗುವ ಅವಕಾಶ ಅದೊಂದೇ.

ಕ್ಯಾಮೆರಾ ಪೂರ್ತಿ ಮ್ಯಾನ್ಯುಯಲ್‌ನಲ್ಲಿರಲಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ಐಎಸ್ಒ 400, ಅಪರ್ಚರ್ ಎಫ್/5.6, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್. ದೂರದ ಬೀದಿದೀಪಕ್ಕೆ ಫೋಕಸ್ ಹಿಡಿದು ಮ್ಯಾನ್ಯುಯಲ್‌ಗೆ ತಿರುಗಿಸಿ, ರಿಂಗ್ ಅಲುಗದಂತೆ ಟೇಪ್ ಸುತ್ತಿ. ಆಟೋಫೋಕಸ್‌ನಲ್ಲೇ ಇಟ್ಟರೆ ಫೋಕಸ್ ಕತ್ತಲಲ್ಲಿ ಹಿಂದೆಮುಂದೆ ಓಡುತ್ತಲೇ ಇರುತ್ತದೆ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ ಆಫ್ ಮಾಡಿ.

ಇಷ್ಟರಲ್ಲಿ ಆರಂಭದ ಬಿರುಸುಗಳು ಚೆನ್ನಾಗಿಯೇ ಬರುತ್ತವೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಕೊನೆಯ 'ಕೂಟಪ್ಪೊರಿಚ್ಚಿಲ್' ಅನ್ನು. ಅಲ್ಲಿ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ, ಅಷ್ಟರಲ್ಲಿ ಕವಿದಿರುವ ಹೊಗೆಯೂ ಆ ಬೆಳಕಿಗೆ ಹೊಳೆದು ಫ್ರೇಮ್ ಪೂರ್ತಿ ಬೆಳ್ಳಗಾಗುತ್ತದೆ. ಸದ್ದು ದಟ್ಟವಾಗುತ್ತಿದ್ದಂತೆಯೇ ಅಪರ್ಚರ್ ಅನ್ನು ಎಫ್/11ಕ್ಕೆ ಕಿರಿದಾಗಿಸಿ. ಬೆಳ್ಳಗಾದ ಭಾಗವನ್ನು ಎಡಿಟಿಂಗ್‌ನಲ್ಲಿ ಮರಳಿ ತರಲಾಗದು, ಕಪ್ಪಾದದ್ದನ್ನು ತುಸು ಎತ್ತಬಹುದು. ಕೆಲವು ಫ್ರೇಮ್‌ಗಳಲ್ಲಿ ಅರ್ಧ ಬೆಳಕು, ಅರ್ಧ ಕತ್ತಲು ಕಂಡರೆ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ: ಸೆನ್ಸರ್ ಸಾಲುಸಾಲಾಗಿ ಓದುವಾಗ ನಡುವೆ ಮಿಂಚಿದ ಫ್ಲ್ಯಾಶ್ ಅದು.

ಧ್ವನಿ ಇನ್ನೂ ಕಷ್ಟ. ಮೈಕ್ ಲೆವೆಲ್ ಆಟೋದಲ್ಲಿದ್ದರೆ ಪ್ರತಿ ಸಿಡಿತದ ನಂತರ ಜನರ ಗದ್ದಲ ಉಬ್ಬಿ ಬರುತ್ತದೆ. ಮ್ಯಾನ್ಯುಯಲ್ ಮಾಡಿ, ಸ್ಯಾಂಪಲ್‌ನ ಅತಿ ಜೋರಾದ ಸದ್ದು ಕ್ಯಾಮೆರಾದ ಧ್ವನಿ ಮೀಟರಿನಲ್ಲಿ -12 ಡೆಸಿಬೆಲ್ ದಾಟದಂತೆ ಇಳಿಸಿಡಿ. 200 ಮೀಟರ್ ದೂರದಿಂದ ಸದ್ದು ಸುಮಾರು 0.6 ಸೆಕೆಂಡ್, ಅಂದರೆ 14-15 ಫ್ರೇಮ್ ತಡವಾಗಿ ತಲುಪುತ್ತದೆ. ಬೇಕಿದ್ದರೆ ಎಡಿಟಿಂಗ್‌ನಲ್ಲಿ ಅಷ್ಟು ಹಿಂದಕ್ಕೆ ಸರಿಸಿ. ಕಿವಿಗೆ ಇಯರ್‌ಪ್ಲಗ್ ಹಾಕದೆ ನಿಲ್ಲಬೇಡಿ. ನೆಲವೇ ನಡುಗುವುದರಿಂದ ಟ್ರೈಪಾಡಿನ ನಡುಕಂಬ ಎತ್ತದೆ, ಕೆಳಗೆ ಬ್ಯಾಗ್ ತೂಗುಹಾಕಿ.

ಎಸಿ ಕೋಣೆಯಿಂದ ಹೊರಬಂದ ಕೂಡಲೇ ಲೆನ್ಸ್ ತೆರೆದರೆ ಮಂಜು ಕವಿಯುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ. ಸೆಕೆಂಡಿಗೆ 100 ಮೆಗಾಬಿಟ್‌ನ (ಎಂಬಿಪಿಎಸ್) 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ, 128 ಜಿಬಿ ಕಾರ್ಡ್ ಸಾಕು.

ಎಲ್ಲಿ ನಿಲ್ಲಬೇಕೆಂಬುದನ್ನು ಪೊಲೀಸರೇ ನಿರ್ಧರಿಸುತ್ತಾರೆ, ಆ ಮಾತು ಮೀರಬೇಡಿ. ಗಾಳಿ ಬೀಸುವ ದಿಕ್ಕನ್ನು ಸ್ಯಾಂಪಲ್ ದಿನವೇ ನೋಡಿಟ್ಟು, ಅವರು ಬಿಟ್ಟ ಜಾಗದಲ್ಲೇ ಹೊಗೆ ನಿಮ್ಮತ್ತ ಬರದ ಕಡೆ ನಿಲ್ಲಿ. 2024ರಲ್ಲಿ ಮುಖ್ಯ ಬಾಣಬಿರುಸು ನಡೆದದ್ದು ಬೆಳಕು ಹರಿದ ಮೇಲೆ. ಹಾಗೆ ತಡವಾದರೆಂದು ಹಗಲಿನ ಸೆಟ್ಟಿಂಗನ್ನೂ ಒಂದು ಕಸ್ಟಮ್ ಮೋಡ್‌ನಲ್ಲಿ ಉಳಿಸಿಕೊಳ್ಳಿ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಜೇಬಿನಲ್ಲಿರಲಿ.