ಸಾಸಿವೆ ಕಾಳಿನಷ್ಟು ನೆಗ್ಗು

ನಮ್ಮವ್ವ ಕಾಲು ಕಿಲೋ ಬದನೆಕಾಯಿ ಆರಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾಳೆ. ಒಂದೊಂದನ್ನೂ ತೊಟ್ಟು ಹಿಡಿದು ತಿರುಗಿಸುತ್ತಾಳೆ. ಎಲ್ಲಾದರೂ ಸೂಜಿಮೊನೆಯಷ್ಟು ತೂತು ಕಂಡರೆ ಸಾಕು, ‘ಹುಳ ಐತಿ ಇದ್ರಾಗ’ ಅಂತ ಬದಿಗಿಡುತ್ತಾಳೆ. ಮಾರುವವಳು ‘ಯವ್ವಾ, ಎಲ್ಲಾ ಒಂದ ಗಿಡದ್ವು’ ಅಂದರೂ ಕೇಳುವುದಿಲ್ಲ. ಅಂಥ ಅವ್ವನ ಮಗಳಾದ ನಾನು 1,28,000 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ತಗೊಂಡು, ‘ವಸ್ತುವನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದ್ದು ನಾಲ್ಕೇ ನಿಮಿಷದಲ್ಲಿ.

ಧಾರವಾಡದ ಸಪ್ತಾಪುರದಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಮದುವೆ ಕಾರ್ಡು, ಕವನ ಸಂಕಲನ, ಶಾಲೆಯ ಸ್ಮರಣ ಸಂಚಿಕೆ, ಒಮ್ಮೊಮ್ಮೆ ಯಾರದೋ ಪಿಎಚ್‌ಡಿ ಪ್ರಬಂಧ. ಹಳೇ ಲ್ಯಾಪ್‌ಟಾಪಿಗೆ ಎಂಟು ವರ್ಷವಾಗಿತ್ತು. ಫೋಟೋ ಜಾಸ್ತಿ ಇರುವ ಫೈಲ್ ತೆರೆಯಲು ಬಿಟ್ಟು, ಒಳಗೆ ಹೋಗಿ ಚಹಾ ಸೋಸಿಕೊಂಡು ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತಿತ್ತು. ನಮ್ಮ ಓಣಿಯಲ್ಲಿ 20 ಮಂದಿ ಸೇರಿ ಭಿಶಿ ನಡೆಸುತ್ತೇವೆ. ಬೇರೆ ಕಡೆ ಚೀಟಿ ಅನ್ನುತ್ತಾರಲ್ಲ, ಅದೇ. ತಿಂಗಳಿಗೆ 5,000. ನನ್ನ ಪಾಳಿ ಜುಲೈನಲ್ಲಿ ಬಂತು. ಕೈಗೆ ಲಕ್ಷ ಬಂದ ಮರುದಿನವೇ, ಉಳಿದದ್ದನ್ನು ಬ್ಯಾಂಕಿನಿಂದ ತೆಗೆದು, ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ.

ಕೊಪ್ಪಿಕರ್ ರಸ್ತೆಯ ಅಂಗಡಿ. ಹೊರಗೆ ಜಿಟಿಜಿಟಿ ಮಳೆ, ಕೆಸರು, ಆಟೋಗಳ ಹಾರ್ನು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ಬೇರೆಯದೇ ಲೋಕ. ತಣ್ಣನೆ ಗಾಳಿ, ಮೇಲಿಂದ ಸುರಿಯುವ ಬೆಳಕು, ಬಿಳಿ ಟೈಲ್ಸಿನ ಮೇಲೆ ನನ್ನ ಚಪ್ಪಲಿಯ ಕೆಸರಿನ ಗುರುತು. ಆ ಗುರುತು ಕಂಡ ಕ್ಷಣದಿಂದಲೇ ನಾನು ಅರ್ಧ ಸೋತಿದ್ದೆ ಅಂತ ಈಗ ಅನಿಸುತ್ತದೆ. ಹುಡುಗ ಪೆಟ್ಟಿಗೆಯ ಟೇಪು ಕತ್ತರಿಸಿದ, ಲ್ಯಾಪ್‌ಟಾಪ್ ಹೊರತೆಗೆದ, ಆನ್ ಮಾಡಿದ. ‘ಡಿಸ್‌ಪ್ಲೇ ಓಕೆ, ಕೀಬೋರ್ಡ್ ಓಕೆ, ಚಾರ್ಜರ್ ಓಕೆ. ಇಲ್ಲೊಂದು ಸಹಿ ಮಾಡ್ರಿ ಅಕ್ಕಾರ’ ಅಂತ ಕಂಡಕ್ಟರ್ ಸ್ಟಾಪುಗಳ ಹೆಸರು ಕೂಗಿದ ಹಾಗೆ ಹೇಳಿ ಮುಗಿಸಿದ. ನನ್ನ ಹಿಂದೆ ಇನ್ನಿಬ್ಬರು ನಿಂತಿದ್ದರು. ತಿರುಗಿಸಿ ನೋಡಲಾ ಅಂದುಕೊಂಡೆ. ನೋಡಲಿಲ್ಲ. ಇಷ್ಟು ದೊಡ್ಡ ಅಂಗಡಿಯಲ್ಲಿ ಬದನೆಕಾಯಿ ನೋಡಿದ ಹಾಗೆ ನೋಡುವುದಾ ಅಂತ ಸಂಕೋಚ.

ವಾಪಸ್ ಬರುವಾಗ 22 ಕಿಲೋಮೀಟರೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದೆ. ಚಿಗರಿಗೆ ಬೇರೆಯದೇ ದಾರಿ ಇರುವುದರಿಂದ ಜಗ್ಗಾಟ ಕಡಿಮೆ. ಉಣಕಲ್ ಕೆರೆ ದಾಟುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಟಿವಿ ಏನ್ರೀ?’ ಅಂತ ಕೇಳಿದರು.

ಮನೆಯಲ್ಲಿ ಅವ್ವ ದೀಪ ಹಚ್ಚಿ ಕಾಯುತ್ತಿದ್ದಳು. ಲ್ಯಾಪ್‌ಟಾಪನ್ನು ದೇವರ ಮುಂದೆ ಮಣೆಯ ಮೇಲಿಟ್ಟು ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿದಳು, ಒಂದು ದಾಸವಾಳ ಇಟ್ಟಳು. ಅಣ್ಣನ ಮಗಳು ಫೋಟೋ ಹೊಡೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಈ ಫೋಟೋ ಮುಂದೆ ಕೆಲಸಕ್ಕೆ ಬರುತ್ತದೆ.

ಮರುದಿನ ಬೆಳಿಗ್ಗೆ ಕುಂಕುಮ ಒರೆಸಿದ್ದೂ ಅವ್ವನೇ. ಸೆರಗಿನ ತುದಿಯಿಂದ ಒರೆಸುತ್ತಾ ಬಲಗಡೆಯ ಮೂಲೆಗೆ ಬಂದವಳು ನಿಂತಳು. ಹೆಬ್ಬೆರಳನ್ನು ಎರಡು ಸಲ ಹಿಂದೆ ಮುಂದೆ ಆಡಿಸಿದಳು.

‘ಇಲ್ಲೇನೋ ಚುಚ್ಚತೈತಲ್ಲ?’

ಕಿಟಕಿಯ ಹತ್ತಿರ ಒಯ್ದು ನೋಡಿದೆ. ಕಡುನೀಲಿ ಮುಚ್ಚಳ. ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನೆಗ್ಗು. ನೆಗ್ಗಿನ ನಡುವೆ ನೀಲಿ ಸಿಡಿದು ಒಳಗಿನ ಬೆಳ್ಳಿ ಬಣ್ಣ ಮಿಂಚುತ್ತಿತ್ತು. ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಮಿಂಚುತ್ತಿದ್ದರಿಂದ ಇದು ಕಂಡಿರಲಿಲ್ಲ. ಮೋಡದ ಬೆಳಕಿನಲ್ಲಿ ಇದೊಂದೇ ಮಿಂಚುತ್ತಿತ್ತು.

ಒಂದು ಕಂಡ ಮೇಲೆ ಕಣ್ಣು ಸುಮ್ಮನಿರುತ್ತದಾ? ಇನ್ನೊಂದು ಹುಡುಕತೊಡಗಿತು. ಮುಚ್ಚಳ ಮುಚ್ಚಿದಾಗ ಎಡಗಡೆ ಸರಿಯಾಗಿ ಕೂರುತ್ತಿತ್ತು, ಬಲಗಡೆ ಸ್ವಲ್ಪ ಎದ್ದಿರುತ್ತಿತ್ತು. ಎಷ್ಟು ಅಂತ ಹೇಳಲು ಬೇರೆಯವರಿಗೆ ಸ್ಕೇಲ್ ಬೇಕು. ನನ್ನ ಹತ್ತಿರ ಕಾಗದದ ಸ್ಯಾಂಪಲ್‌ಗಳಿದ್ದವು. ಕಾಗದದ ದಪ್ಪವನ್ನು ನಾವು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಅಂತ, ಹೇಳುತ್ತೇವೆ. ಎಡಗಡೆಯ ಸಂದಿಯಲ್ಲಿ 70 ಜಿಎಸ್‌ಎಂ ಹಾಳೆ, ಅಂದರೆ ಮಾಮೂಲಿ ಜೆರಾಕ್ಸ್ ಹಾಳೆ, ಬಿಗಿಯಾಗಿ ಹೋಯಿತು. ಬಲಗಡೆ 300 ಜಿಎಸ್‌ಎಂ ಮದುವೆ ಕಾರ್ಡು ಸಲೀಸಾಗಿ ಹೋಗಿ ಬಂತು. ಕಾರ್ಡು ಯಾರದೆಂದು ಹೇಳುವುದಿಲ್ಲ, ಆ ಮದುವೆಯ ಬಿಲ್ಲು ಇನ್ನೂ ಬಂದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತು. ಎಲ್ಲರದೂ ಒಂದೇ ಮಾತು. ಅಣ್ಣ ಹೇಳಿದ, ಪ್ರೆಸ್ಸಿನವರು ಹೇಳಿದರು, ಕೊನೆಗೆ ಫೋನಿನಲ್ಲಿ ಅಂಗಡಿಯವರೂ ಹೇಳಿದರು: ‘ಕೆಲಸಕ್ಕೇನೂ ತೊಂದ್ರಿ ಇಲ್ಲಲ್ಲ?’

ತೊಂದರೆ ಇಲ್ಲ, ನಿಜ. ಆ ನೆಗ್ಗಿನಿಂದ ಫೈಲ್ ತಡವಾಗಿ ತೆರೆಯುವುದಿಲ್ಲ. ಆದರೆ ಈ ಮಾತನ್ನು ಸೀರೆ ಅಂಗಡಿಯಲ್ಲಿ ಯಾರಾದರೂ ಆಡುತ್ತಾರಾ? ಅವ್ವ ಇಳಕಲ್ ಸೀರೆ ತಗೊಳ್ಳುವಾಗ ಮೂವತ್ತು ಸೀರೆ ಬಿಚ್ಚಿಸುತ್ತಾಳೆ. ಮೈಗೂ ಸೆರಗಿಗೂ ಜೋಡಿಸಿರುತ್ತಾರಲ್ಲ, ಆ ಜಾಗವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಗಟ್ಟಿನ ಅಡಿಯ ಸೀರೆಯನ್ನೇ ಕೇಳುತ್ತಾಳೆ, ಮೇಲಿನದನ್ನು ನೂರು ಮಂದಿ ಮುಟ್ಟಿರುತ್ತಾರೆ ಅಂತ. ಅಂಗಡಿಯವರು ನಗುತ್ತಲೇ ತೆಗೆದುಕೊಡುತ್ತಾರೆ. ಒಂದು ಎಳೆ ತಪ್ಪಿದ್ದರೆ ಉಟ್ಟುಕೊಳ್ಳಲು ತೊಂದರೆಯೇನಿಲ್ಲ, ಆದರೂ ಬದಲಿಸಿ ಕೊಡುತ್ತಾರೆ. ನಾಲ್ಕು ಸಾವಿರದ ಸೀರೆಗೆ ಇರುವ ಮರ್ಯಾದೆ ಲಕ್ಷದ ಲ್ಯಾಪ್‌ಟಾಪಿಗೆ ಇಲ್ಲ. ಇದಕ್ಕೆ ಅಂಗಡಿಯವರಷ್ಟೇ ನಾವೂ ಕಾರಣ ಅನ್ನುವುದು ನನ್ನ ಅನಿಸಿಕೆ. ಸೀರೆಯ ಮುಂದೆ ನಾವು ಗಿರಾಕಿ, ಗಾಜಿನ ಬಾಗಿಲಿನ ಒಳಗೆ ಹೋದರೆ ಮಾತ್ರ ಯಾರದೋ ಮನೆಗೆ ಬಂದ ನೆಂಟರ ಹಾಗೆ ಮುದುಡಿ ಕೂರುತ್ತೇವೆ.

ಸ್ಟೀಲ್ ಪಾತ್ರೆಯ ಮಾತು ಎತ್ತಿದ್ದು ಅಣ್ಣ. ಹೊಸ ಪಾತ್ರೆ ತಂದರೆ ಅಂಗಡಿಯಲ್ಲೇ ಮಷೀನು ಹಚ್ಚಿ ಹೆಸರು ಕೊರೆಸುತ್ತೀವಿ, ಅದಕ್ಕೆ ಯಾರೂ ಅಳುವುದಿಲ್ಲ, ಇದೂ ಹಾಗೇ ಅಂದುಕೋ ಅಂದ. ‘ಹೆಸರು ನಾ ಹೇಳಿ ಕೊರಸ್ತೇನಿ. ಇದನ್ನ ಯಾರಿಗೆ ಕೇಳಿ ಕೊರದ್ರು?’ ಅಂತ ಅವ್ವ ಒಳಗಿನಿಂದಲೇ ಕೇಳಿದಳು. ಅಣ್ಣ ಸುಮ್ಮನಾದ.

ಈ ನೆಗ್ಗಿಗೆ ಬಣ್ಣ ಹಚ್ಚಿ ಮುಚ್ಚಬಹುದಲ್ಲ ಅಂತ ನಾನೂ ಮೊದಲು ಅಂದುಕೊಂಡಿದ್ದೆ, ಬೈಕಿಗೆ ಟಚಪ್ ಮಾಡಿಸಿದ ಹಾಗೆ. ಓದಿದ ಮೇಲೆ ಗೊತ್ತಾಯಿತು, ಆ ನೀಲಿ ಬಳಿದ ಬಣ್ಣವೇ ಅಲ್ಲ. ಅಲ್ಯುಮಿನಿಯಮ್ ತಗಡನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸುತ್ತಾರೆ. ಲೋಹದ ಮೈಯೇ ಆಕ್ಸೈಡ್ ಪದರವಾಗಿ ಬೆಳೆಯುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ, ಬಣ್ಣ ಅದರೊಳಗೆ ಇಳಿಯುತ್ತದೆ, ಆಮೇಲೆ ರಂಧ್ರದ ಬಾಯಿ ಮುಚ್ಚುತ್ತಾರೆ. ಆನೋಡೈಸಿಂಗ್ ಅಂತಾರೆ ಇದಕ್ಕೆ. ಪದರದ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. ನಮ್ಮ ಜೆರಾಕ್ಸ್ ಹಾಳೆ ಹತ್ತಿರ ಹತ್ತಿರ 100 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಇಷ್ಟು ತೆಳುವಾದರೂ ಆ ಪದರ ಬಲು ಗಟ್ಟಿ. ಮಾಣಿಕ್ಯದ ಹರಳೂ ಅಲ್ಯುಮಿನಿಯಮ್ ಆಕ್ಸೈಡೇ. ಆದರೆ ಅದರ ಅಡಿಯ ಲೋಹ ಮೆತ್ತಗೆ. ಪೆಟ್ಟು ಬಿದ್ದರೆ ಅಡಿಯದು ಕುಗ್ಗುತ್ತದೆ, ಮೇಲಿನದು ಸಿಡಿಯುತ್ತದೆ. ತಟ್ಟೆಯಲ್ಲಿ ಆರಿದ ಬಾಸುಂದಿಯ ಕೆನೆಯನ್ನು ಚಮಚದಿಂದ ಒತ್ತಿದ ಹಾಗೆ. ಮತ್ತೆ ಮೊದಲಿನಂತೆ ಮಾಡಬೇಕಾದರೆ ಇಡೀ ತಗಡಿನ ಪದರ ತೆಗೆದು ತೊಟ್ಟಿಗೇ ಹಾಕಬೇಕು. ಅದನ್ನು ಯಾರು ಮಾಡುತ್ತಾರೆ? ಮುಚ್ಚಳವನ್ನೇ ಬದಲಿಸುತ್ತಾರೆ, ಅಷ್ಟೇ.

ಸೋಮವಾರ ಮತ್ತೆ ಹುಬ್ಬಳ್ಳಿ. ಅಂಗಡಿಯವರು ಸರ್ವಿಸ್ ಸೆಂಟರಿಗೆ ಕಳಿಸಿದರು. ಅಲ್ಲಿಯ ಹುಡುಗ ನೆಗ್ಗು ನೋಡಿ, ‘ಇದು ಕಾಸ್ಮೆಟಿಕ್ ಡ್ಯಾಮೇಜ್ ರೀ. ವಾರಂಟಿಯೊಳಗ ಬರಂಗಿಲ್ಲ’ ಅಂದ. ಅವ್ವನೂ ಬಂದಿದ್ದಳು. ‘ಕಾಸ್ಮೆಟಿಕ್ ಅಂದ್ರ ಸ್ನೋ ಪೌಡರ್ ಅಲ್ಲೇನು?’ ಅಂತ ನನ್ನ ಕಿವಿಯಲ್ಲಿ ಕೇಳಿದಳು. ಹೌದವ್ವಾ, ಬರೀ ಅಂದದ ಮಾತು ಅಂತ ಅದರ ಅರ್ಥ ಅಂದೆ. ‘ಅಂದಕ್ಕ ರೊಕ್ಕ ತಗೊಂಡಿಲ್ಲೇನು ಅವ್ರು?’ ಅಂದಳು, ಈ ಸಲ ಎಲ್ಲರಿಗೂ ಕೇಳುವ ಹಾಗೆ.

ಹುಡುಗ ಒಳ್ಳೆಯವನೇ. ನೀವೇ ಬೀಳಿಸಿರಬಹುದಲ್ಲ ಅಂತ ನೇರವಾಗಿ ಹೇಳದೆ, ‘ಟ್ರಾವೆಲ್ಲಿನ್ಯಾಗ ಏನರ ತಾಗಿರಬಹುದು’ ಅಂದ. ಆಗ ಪೂಜೆಯ ಫೋಟೋ ತೆಗೆದೆ. ಖರೀದಿಸಿದ ದಿನದ್ದೇ, ಸಂಜೆ 7.40. ದೊಡ್ಡದು ಮಾಡಿ ತೋರಿಸಿದೆ. ದಾಸವಾಳದ ಪಕ್ಕ ಫ್ಲ್ಯಾಶ್ ಬೆಳಕಿಗೆ ಆ ಚುಕ್ಕೆ ಹೊಳೆಯುತ್ತಿತ್ತು. ಚಿಗರಿಯಲ್ಲಿ ಬೀಳಿಸಿಲ್ಲ ಅನ್ನುವುದಕ್ಕೆ ಇದು ಸಾಕ್ಷಿಯಲ್ಲ, ನನಗೂ ಗೊತ್ತು. ಆದರೆ ಮನೆಯಲ್ಲಿ ಬಳಸುವಾಗ ಆದದ್ದಲ್ಲ ಅನ್ನುವಷ್ಟಾದರೂ ಆಯಿತು. ಮುಚ್ಚಳದ ಸಂದಿಯ ವಿಷಯಕ್ಕೆ ಅವನು ‘ಇಷ್ಟು ಇರತೈತ್ರಿ, ಟಾಲರೆನ್ಸ್ ಒಳಗ ಐತಿ’ ಅಂದ. ಪರ್ಸಿನಿಂದ ಆ ಮದುವೆ ಕಾರ್ಡು ತೆಗೆದು ತೂರಿಸಿದೆ. ನಕ್ಕುಬಿಟ್ಟ. ಒಳಗೆ ಒಯ್ದು ಹಿಂಜಿನ ಸ್ಕ್ರೂ ಸಡಿಲಿಸಿ, ಸರಿಮಾಡಿ ಕೂರಿಸಿಕೊಟ್ಟ. ನಲವತ್ತು ನಿಮಿಷದ ಕೆಲಸ. ಈಗ ಬಲಗಡೆ 130 ಜಿಎಸ್‌ಎಂ ಆರ್ಟ್ ಪೇಪರ್ ಹೋಗುತ್ತದೆ, ಕಾರ್ಡು ಹೋಗುವುದಿಲ್ಲ. ಅಷ್ಟಕ್ಕೆ ಒಪ್ಪಿದೆ.

ನೆಗ್ಗಿಗೆ ಮಾತ್ರ ಯಾರೂ ಒಪ್ಪಲಿಲ್ಲ. ಅಂಗಡಿಯವರು ಕಂಪನಿಯ ಕಡೆ ಕೈ ತೋರಿಸಿದರು, ಕಂಪನಿಯವರು ಅಂಗಡಿಯ ಕಡೆ. ಬುಧವಾರ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಿದರು. ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ, ತೀರ್ಪು ಕೊಡುವುದಿಲ್ಲ. ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕವೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೂ ತೆರೆದು ನೋಡಿದೆ. ದೋಷ ಅಂದರೆ ಗುಣಮಟ್ಟದಲ್ಲಿರುವ ಯಾವುದೇ ತಪ್ಪು, ಕುಂದು ಅಥವಾ ಕೊರತೆ ಅಂತಿದೆ. ‘ಕೆಲಸಕ್ಕೆ ತೊಂದರೆ ಆಗುವಂಥದ್ದು ಮಾತ್ರ’ ಅನ್ನುವ ಸಾಲು ನನಗೆ ಸಿಗಲಿಲ್ಲ. ಈ ನೆಗ್ಗು ಅದರಲ್ಲಿ ಬರುತ್ತದೋ ಇಲ್ಲವೋ ಹೇಳಬೇಕಾದದ್ದು ಆಯೋಗ. ನನಗೆ ಮಾತ್ರ ಅದನ್ನು ಓದಿದ ಮೇಲೆ ಫೋನಿನಲ್ಲಿ ದನಿ ಸ್ವಲ್ಪ ಗಟ್ಟಿಯಾಯಿತು.

ಒಂಬತ್ತನೆಯ ದಿನ ಕಂಪನಿಯಿಂದ ಫೋನ್ ಬಂತು. ಮುಚ್ಚಳ ಬದಲಿಸಿ ಕೊಡುತ್ತಾರಂತೆ. ಬಿಡಿಭಾಗ ಬರಲು ಹತ್ತು ಹನ್ನೆರಡು ದಿನ ಬೇಕು. ಮತ್ತೊಂದು ವಿಷಯ, ಈ ಮಾಡೆಲ್ಲಿನಲ್ಲಿ ಮುಚ್ಚಳ ಬರುವುದು ಸ್ಕ್ರೀನಿನ ಸಮೇತ.

ಇಲ್ಲಿ ನಾನು ಸಿಕ್ಕಿಬಿದ್ದೆ. ಯಾಕೆಂದರೆ ಸ್ಕ್ರೀನು ಚೊಕ್ಕಟವಾಗಿತ್ತು. ರಾತ್ರಿ ಲೈಟು ಆರಿಸಿ, ಪೂರ್ತಿ ಕಪ್ಪು ಚಿತ್ರ ಹಾಕಿ ನೋಡಿದ್ದೆ. ಕೆಳಗಿನ ಮೂಲೆಯಲ್ಲಿ ಮಸುಕು ಬೆಳಕು ಒಂಚೂರು, ಅಷ್ಟೇ. ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ತುಂಬಿಸಿ ನೋಡಿದ್ದೆ, ಸತ್ತ ಪಿಕ್ಸೆಲ್ ಒಂದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರೆಸ್ಸಿನಿಂದ ಬಂದ ಒಂದು ಮುಖಪುಟದ ಪ್ರೂಫನ್ನು ಪಕ್ಕದಲ್ಲಿ ಹಿಡಿದರೆ ಅರಿಶಿನದ ಬಣ್ಣ ಅರಿಶಿನವಾಗಿಯೇ ಕಾಣುತ್ತಿತ್ತು. ನಮ್ಮ ಕೆಲಸದವರಿಗೆ ಇದು ಎಂಥ ನೆಮ್ಮದಿ ಅಂತ ಹೇಳಿ ತಿಳಿಸುವುದು ಕಷ್ಟ. ಹೊಸ ಸ್ಕ್ರೀನು ಹೇಗೆ ಬರುತ್ತದೋ. ಹೊರಗಿನ ಸಾಸಿವೆ ಕಾಳನ್ನು ಕೊಟ್ಟು ಒಳಗಿನ ಕಲೆಯನ್ನು ತಂದುಕೊಂಡರೆ? ಮೇಲಾಗಿ 96 ಪುಟದ ಪುಸ್ತಕವೊಂದು ವಾರದಲ್ಲಿ ಪ್ರೆಸ್ಸಿಗೆ ಹೋಗಬೇಕಿತ್ತು.

ಬೇಡ ಅಂದೆ. ಬದಲಿಗೆ ರೊಕ್ಕ ಕೇಳಿದೆ. ಅಂಗಡಿಯವರು ಮೊದಲು ಬ್ಯಾಗು, ಮೌಸು ಅಂದರು. ಆಮೇಲೆ 3,000 ಅಂದರು. ಅವ್ವ ಪಕ್ಕದಲ್ಲಿ ಕೂತು ಬೆರಳು ಅಲ್ಲಾಡಿಸುತ್ತಿದ್ದಳು. 5,000ಕ್ಕೆ ಬಂದು ನಿಂತಿತು. ‘ಇದನ್ನ ಮತ್ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ’ ಅಂದರು. ಹೇಳುವುದಿಲ್ಲ ಅಂದಿದ್ದೆ, ಅದಕ್ಕೇ ಅಂಗಡಿಯ ಹೆಸರು ಬರೆದಿಲ್ಲ.

ಆ ರೊಕ್ಕ ಮುಂದಿನ ತಿಂಗಳ ಭಿಶಿಗೆ ಹೋಯಿತು. ನೆಗ್ಗು ಇದ್ದಲ್ಲೇ ಇದೆ. ಮುಚ್ಚಳ ತೆಗೆಯುವಾಗ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಆಗಸ್ಟ್ ಕೊನೆಯಲ್ಲಿ ಎದುರು ಮನೆಯ ಹುಡುಗಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಲ್ಯಾಪ್‌ಟಾಪ್ ಕೊಡಿಸಲು ನೀವೂ ಬರಬೇಕು ಅಂತ ಅವರಮ್ಮ ಕರೆದರು. ಅವ್ವ ತಾನಾಗಿಯೇ ಹೊರಟಳು. ಅದೇ ಅಂಗಡಿ, ಅದೇ ಹುಡುಗ. ನಮ್ಮನ್ನು ನೋಡಿದವನೇ ‘ಬರ್ರಿ ಅಕ್ಕಾರ, ಟಾರ್ಚ್ ನಾನ ಹಚ್ಚತೇನಿ’ ಅಂತ ತನ್ನ ಮೊಬೈಲಿನ ಬೆಳಕು ಹಚ್ಚಿ, ಮುಚ್ಚಳದ ಮೇಲೆ ಓರೆಯಾಗಿ ಹಿಡಿದ. ಮೂಲೆ ನಾಲ್ಕೂ ಸರಿ. ನಾನು ಪರ್ಸಿನಿಂದ ಕಾರ್ಡು ತೆಗೆದೆ. ಹೋಗಲಿಲ್ಲ. ಹುಡುಗಿಯ ಅಮ್ಮ ಸಮಾಧಾನದಿಂದ ಪೆನ್ನು ಕೈಗೆತ್ತಿಕೊಂಡರು. ಅವ್ವ ಲ್ಯಾಪ್‌ಟಾಪನ್ನು ಎತ್ತಿ, ಕಸೂತಿ ಹಾಕಿದ ಬಟ್ಟೆಯ ಬೆನ್ನು ನೋಡುವ ಹಾಗೆ ತಿರುವಿ ಹಾಕಿ, ಕನ್ನಡಕ ಏರಿಸಿ ಒಂದು ನಿಮಿಷ ನೋಡಿದಳು. ಆಮೇಲೆ ಹುಡುಗನ ಹಿಂದೆ ಒಂದರ ಮೇಲೊಂದು ಇಟ್ಟಿದ್ದ ಪೆಟ್ಟಿಗೆಗಳ ಕಡೆ ಕೈ ಮಾಡಿದಳು.

‘ಇದು ಇರಲಿ. ತಳದಾಗಿನ ಪೆಟ್ಟಿಗಿ ಒಂದೀಟ ತೆಗಿ, ತಮ್ಮಾ.’