ಮಧ್ಯಾಹ್ನದ ಪಾವ್

ನಮ್ಮ ಭಟ್ಟಿಗೆ ಬೆಂಕಿ ಬೀಳುವುದು ರಾತ್ರಿ ಒಂದೂವರೆಗೆ. ಕಾರವಾರದ ಸದಾಶಿವಗಡದಲ್ಲಿ ಮನೆಯ ಹಿಂದೆಯೇ ಬೇಕರಿ. ಇಟ್ಟಿಗೆ ಚೆನ್ನಾಗಿ ಕಾದ ಮೇಲೆ ಮಾವ ಕೆಂಡ ಹೊರಗೆಳೆದು, ಒದ್ದೆ ಗೋಣಿಯಿಂದ ಒಳನೆಲ ಒರೆಸುತ್ತಾರೆ. ಆಮೇಲೆ ಒಂದು ಚಿಟಿಕೆ ಮೈದಾ ಒಳಗೆಸೆದು ಎಣಿಸುತ್ತಾರೆ. ಹಿಟ್ಟು ಕೂಡಲೇ ಕಪ್ಪಾದರೆ ಭಟ್ಟಿ ಇನ್ನೂ ಸ್ವಲ್ಪ ತಣಿಯಬೇಕು. ನಿಧಾನಕ್ಕೆ ಕೆಂಪಗಾದರೆ ಪಾವ್ ಒಳಗಿಡಬಹುದು. ಐದು ಗಂಟೆಗೆ ಸೈಕಲ್ಲಿನವರು ಬಾಗಿಲಲ್ಲಿ ನಿಂತಿರುತ್ತಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದು 16 ವರ್ಷ. ಈ ಕ್ರಮ ಒಂದು ದಿನವೂ ತಪ್ಪಿಲ್ಲ. ಏರುತ್ತಲೇ ಇರುವುದು ಕಟ್ಟಿಗೆಯ ರೇಟು ಮತ್ತು ಮಾವನ ಕೆಮ್ಮು.

ಹಾಗಾಗಿ ಆಫ್ರಿಕಾದ ಹಳ್ಳಿಗಳಲ್ಲಿ ಬಿಸಿಲಲ್ಲೇ ಬ್ರೆಡ್ ಬೇಯಿಸುವ ಬೇಕರಿಗಳ ಬಗ್ಗೆ ಗೊತ್ತಾದಾಗ ಸುಮ್ನೆ ಓದಿ ಬಿಡಲು ಆಗಲಿಲ್ಲ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಐದರಲ್ಲಿ ನಾಲ್ಕು ಜನರ ಅಡುಗೆ ಇವತ್ತಿಗೂ ಕಟ್ಟಿಗೆ, ಇದ್ದಿಲಿನಂಥ ಹೊಗೆ ಒಲೆಯಲ್ಲೇ. ಅಲ್ಲಿನ ಎಷ್ಟೋ ದೇಶಗಳಿಗೆ ಗೋಧಿಯೂ ಹಡಗಿನಲ್ಲೇ ಬರಬೇಕು. ಹಿಟ್ಟಿಗೂ ದುಡ್ಡು, ಉರುವಲಿಗೂ ದುಡ್ಡು ಸುರಿದರೆ ಕೈಗೆ ಎಷ್ಟು ಉಳಿದೀತು ಅನ್ನುವುದು ಭಟ್ಟಿ ಇಟ್ಟವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಜನವರಿಯಲ್ಲಿ ನಾನೂ ಒಂದು ಕೈ ನೋಡಿದೆ. ಗಾಜಿನ ಮುಚ್ಚಳದ ಸೋಲಾರ್ ಕುಕ್ಕರ್ ಪೆಟ್ಟಿಗೆಯನ್ನು ತಾರಸಿಯ ಮೇಲಿಟ್ಟು ಎಂಟು ಪಾವ್ ಒಳಗಿಟ್ಟೆ. ಒಳಗಿನ ಥರ್ಮಾಮೀಟರ್ 120 ಡಿಗ್ರಿ ದಾಟಲು ಒದ್ದಾಡಿತು. ಒಂದೂವರೆ ಗಂಟೆ ಕಳೆಯಿತು. ಪಾವ್ ಚೆನ್ನಾಗಿ ಉಬ್ಬಿತ್ತು, ಆದರೆ ಮೇಲೆಲ್ಲ ಇಡ್ಲಿಯ ಬಿಳಿ. ಮಾವ ಒಂದನ್ನು ಮುರಿದರು, ಮೂಸಿದರು, ಬೆರಳಲ್ಲಿ ಒತ್ತಿ ನೋಡಿದರು.

"ಬೆಂದಿದೆ. ಆದ್ರೆ ಇದು ಪಾವ್ ಅಲ್ಲ ಮಗಾ."

ಸರಿಯಾಗೇ ಹೇಳಿದರು. ಪಾವಿನ ಮೇಲ್ಪದರ ಒಣಗಿ 140 ಡಿಗ್ರಿ ಮುಟ್ಟುವವರೆಗೆ ಆ ಕೆಂಪು ಬಣ್ಣವೂ ಬರುವುದಿಲ್ಲ, ಪರಿಮಳವೂ ಬರುವುದಿಲ್ಲ. ಅದಕ್ಕೆ ಭಟ್ಟಿ 200 ಡಿಗ್ರಿಯ ಮೇಲೇ ಇರಬೇಕು. ನನ್ನ ಪೆಟ್ಟಿಗೆಯಲ್ಲಿ ಹಬೆಯೂ ಹೊರಹೋಗದೆ ಅಲ್ಲೇ ಕೂತಿತ್ತು.

ಬೇಕರಿಗೆ ಬೇಕಾದದ್ದು ಬಿಸಿಲನ್ನು ಒಂದೇ ಜಾಗಕ್ಕೆ ಒಟ್ಟುಮಾಡುವ ಕನ್ನಡಿ. 1986ರಲ್ಲಿ ವೋಲ್ಫ್‌ಗಾಂಗ್ ಶೆಫ್ಲರ್ ಎಂಬವರು ಉತ್ತರ ಕೀನ್ಯಾದ ಒಂದು ಮಿಷನ್ ಕೇಂದ್ರದಲ್ಲಿ ಅಂಥದ್ದೊಂದನ್ನು ಕಟ್ಟಿದರು. ಅದರ ಉಪಾಯ ನನಗೆ ತುಂಬಾ ಹಿಡಿಸಿತು. ಬುಟ್ಟಿಯಂತೆ ಬಾಗಿದ ಕನ್ನಡಿ ಗಂಟೆಗೆ 15 ಡಿಗ್ರಿ ತಿರುಗುತ್ತಾ ಸೂರ್ಯನ ಹಿಂದೆ ಹೋಗುತ್ತದೆ. ಆದರೆ ಬೆಳಕು ಬಂದು ಬೀಳುವ ಜಾಗ ಮಾತ್ರ ಕದಲುವುದಿಲ್ಲ. ಅಂದರೆ ಒಲೆ ಇದ್ದಲ್ಲೇ ಇರಬಹುದು, ಅಡುಗೆಯವರು ನೆರಳಲ್ಲೇ ನಿಲ್ಲಬಹುದು. ಒಳ್ಳೆಯ ಬಿಸಿಲಲ್ಲಿ ಒಂದು ಚದರ ಮೀಟರಿಗೆ ಹತ್ತಿರಹತ್ತಿರ 1000 ವಾಟ್ ಶಾಖ ಬೀಳುತ್ತದೆ. 8 ಚದರ ಮೀಟರಿನ ಕನ್ನಡಿಯಲ್ಲಿ ಅದರ ಅರ್ಧ ದಕ್ಕಿದರೂ ಸಣ್ಣ ಓವನ್ನಿಗೆ ಸಾಕು.

ಇದನ್ನೆಲ್ಲ ಮಾವನಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳಿದೆ. ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಕೇಳಿದರು. "ಜನರಿಗೆ ಪಾವ್ ಬೇಕಾಗೋದು ಬೆಳಗಾಗುವ ಮೊದಲು. ನಿನ್ನ ಸೂರ್ಯ ಏಳೋದು ಆಮೇಲೆ. ಹೇಗೆ?"

ಎರಡು ದಿನ ನನ್ನ ಬಳಿ ಉತ್ತರ ಇರಲಿಲ್ಲ. ಮಳೆಗಾಲದ ಮಾತು ಬೇರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕಟ್ಟಿಗೆಯೇ ಗತಿ. ತೆಳು ಮೋಡ ಬಂದರೂ ಈ ಕನ್ನಡಿಯ ಶಾಖ ಇಳಿದುಬಿಡುತ್ತದೆ. ಆಫ್ರಿಕಾದಲ್ಲಿ ಬಳಕೆಯಲ್ಲಿರುವ 'ವಿಲೇಜರ್' ಎಂಬ ದೊಡ್ಡ ಸೋಲಾರ್ ಓವನ್ನಿಗೂ ಜೊತೆಯಲ್ಲಿ ಗ್ಯಾಸ್ ಬರ್ನರ್ ಇದೆ. ಅವರೂ ಸೂರ್ಯನೊಬ್ಬನನ್ನೇ ನಂಬಿ ಕೂತಿಲ್ಲ. ಅದನ್ನು ಓದಿದ ಮೇಲೆ ನನಗೆ ಹೊಳೆಯಿತು. ರಾತ್ರಿಯ ಭಟ್ಟಿ ಆರಿಸಬೇಕು ಅಂತ ಯಾರು ಹೇಳಿದ್ದು? ಸಂಜೆಯ ಮಾಲಿಗೆ ಮಾವ ಮಧ್ಯಾಹ್ನ ಇನ್ನೊಮ್ಮೆ ಕಟ್ಟಿಗೆ ಹಾಕುತ್ತಾರಲ್ಲ, ಆ ಕಟ್ಟಿಗೆ ಉಳಿಸಿದರೆ ಸಾಕು. ಹನ್ನೊಂದರಿಂದ ಎರಡರವರೆಗೆ ಬೇಯಿಸಿ, ನಾಲ್ಕಕ್ಕೆ ಮಾರುವುದು.

ಮೊನ್ನೆ ಟ್ಯಾಗೋರ್ ಬೀಚಿನ ಹತ್ತಿರ ಪಾವ್‌ಭಾಜಿ ಗಾಡಿಯ ಹುಡುಗನನ್ನು ಕೇಳಿದೆ. ಅವನಿಗೆ ಈಗ ಬೆಳಗಿನ ಪಾವೇ ಗತಿ, ಸಂಜೆಗೆ ಒಣಗಿರುತ್ತದೆ. "ಅದೇ ದಿನ ಮಧ್ಯಾಹ್ನ ಬೇಯಿಸಿದ್ದು ಸಿಗೋದಾದ್ರೆ ದಿನಾ 40 ತಗೊಳ್ತೇನೆ ಅಕ್ಕಾ" ಅಂದ.

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಊಟ ಮುಗಿಸಿದವರು ಮಲಗಲಿಲ್ಲ. ತಾರಸಿಗೆ ಹೋಗಿ, ಪಕ್ಕದ ಮನೆಯ ತೆಂಗಿನಮರದ ನೆರಳು ಎಷ್ಟು ಗಂಟೆಗೆ ಎಲ್ಲಿಯವರೆಗೆ ಬರುತ್ತದೆ ಅಂತ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು.